ಲಾರಿಯ ಗಟ್ಟಿ ಪೇಂಟಿಗೆ ಪಾಲಿಶ್ ಹಿಡಿಯುವ ಬಗೆ

ಲಾರಿ ಕ್ಯಾಬಿನ್ನಿನ ಪೇಂಟು ಕಾರಿನ ಪೇಂಟಿನ ಹಾಗೆ ಸುಲಭಕ್ಕೆ ಬಗ್ಗುವುದಿಲ್ಲ. ಎಷ್ಟೋ ಕಾರುಗಳಲ್ಲಿ ಎರಡು ಸಲ ಪಾಲಿಶ್ ಮಷಿನ್ ಆಡಿಸಿದರೆ ಹೋಗುವ ಗೀರು ಇಲ್ಲಿ ಆರು ಸಲ ಆಡಿಸಿದರೂ ಉಳಿಯುತ್ತದೆ. ಆಗ ಹೆಚ್ಚಿನವರು ಮಷಿನ್ ಮೇಲೆ ಮೈಭಾರ ಹಾಕಿ ಸ್ಪೀಡ್ ಏರಿಸುತ್ತಾರೆ. ಪ್ಯಾನೆಲ್ ಕಾಯುತ್ತದೆ, ಕಾಂಪೌಂಡ್ (ಗೀರು ಕೊರೆದು ತೆಗೆಯುವ ಪೇಸ್ಟು) ಒಣಗಿ ಮಷಿನ್ನಿನ ಪ್ಯಾಡಿಗೆ ಕಚ್ಚುತ್ತದೆ, ಗೀರು ಇದ್ದಲ್ಲೇ ಇದ್ದು ಅದರ ಮೇಲೆ ಹೊಸ ಮಬ್ಬು ಕೂರುತ್ತದೆ. ಗಟ್ಟಿ ಪೇಂಟನ್ನು ಕೊರೆಯುವುದು ಕಾಂಪೌಂಡಿನೊಳಗಿನ ಸಣ್ಣ ಹರಳು, ಕೈಯ ಭಾರವಲ್ಲ. ಆ ಹರಳು ಪೇಂಟಿಗೆ ತಾಗಬೇಕಾದರೆ ಪ್ಯಾಡ್ ಸ್ವಚ್ಛವಿರಬೇಕು, ಪ್ಯಾನೆಲ್ ತಂಪಿರಬೇಕು, ಕೈ ನಿಧಾನವಿರಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸುತ್ತಿನ ಲಾರಿಗಳಿಗೆ ಮೆತ್ತುವ ಕೊಳೆಯೂ ಒಂದೇ ತೆರನಲ್ಲ. ಕೂಡಗಿಯ ವಿದ್ಯುತ್ ಸ್ಥಾವರದಿಂದ ಬೂದಿ ಹೊರುವ ಬಲ್ಕರ್ ಟ್ಯಾಂಕರ್, ಬಾಗಲಕೋಟೆ ಕಡೆಯ ಸಿಮೆಂಟ್ ಮತ್ತು ಸುಣ್ಣದ ಕಲ್ಲಿನ ಗಾಡಿ, ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕರ್, ಹೊಲದ ದಾರಿಯಲ್ಲಿ ಜಾಲಿ ಮುಳ್ಳಿಗೆ ಮೈ ಉಜ್ಜಿಕೊಂಡು ಬರುವ ಕಬ್ಬಿನ ಲಾರಿ, ಒಂದೊಂದಕ್ಕೂ ತಯಾರಿ ಬೇರೆ. ಮಷಿನ್ ಕೆಲಸ ಮಾತ್ರ ಎಲ್ಲಕ್ಕೂ ಒಂದೇ.

ಯಾವ ಪೇಂಟು, ಎಷ್ಟು ದಪ್ಪ

ಕಂಪನಿಯಿಂದ ಬಂದ ಕ್ಯಾಬಿನ್ನಿನ ಪೇಂಟನ್ನು ಓವನ್ನಿನಲ್ಲಿ ಬೇಯಿಸಿರುತ್ತಾರೆ. ಊರಲ್ಲಿ ಮರುಪೇಂಟ್ ಆಗಿದ್ದರೆ ಸಾಮಾನ್ಯವಾಗಿ ಹಾರ್ಡ್ನರ್ (ಪೇಂಟನ್ನು ಗಟ್ಟಿಯಾಗಿಸುವ ದ್ರವ) ಬೆರೆಸಿದ ಪಿಯು, ಅಂದರೆ ಪಾಲಿಯುರಿಥೇನ್ ಪೇಂಟು. ಹಿಂದಿನ ಲೋಡ್ ಬಾಡಿಗೆ ಬಹಳ ಕಡೆ ಬ್ರಶ್ಶಿನಲ್ಲೇ ಬಳಿದ ಎನಾಮೆಲ್. ಮೊದಲಿನ ಎರಡು ಗಟ್ಟಿ. ಎನಾಮೆಲ್ ಮೆತ್ತಗಿದ್ದು ಪ್ಯಾಡಿಗೆ ಅಂಟುತ್ತದೆ, ಅದಕ್ಕೆ ಈ ಕೆಲಸ ಬೇಡವೇ ಬೇಡ. ಅನುಮಾನ ಬಂದರೆ ಬಾಗಿಲ ಒಳಅಂಚಿನಂಥ ಮರೆಯ ಜಾಗದಲ್ಲಿ ಥಿನ್ನರ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಹತ್ತಿಗೆ ಬಂದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್ ಪೇಂಟು), ಮೆತ್ತಗಾಗಿ ಸುಕ್ಕು ಎದ್ದರೆ ಎನಾಮೆಲ್, ಏನೂ ಆಗದಿದ್ದರೆ ಬೇಯಿಸಿದ ಪೇಂಟು ಇಲ್ಲವೇ ಚೆನ್ನಾಗಿ ಒಣಗಿದ ಪಿಯು.

ಇನ್ನೊಂದು ಪರೀಕ್ಷೆ, ಬಣ್ಣದ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇದೆಯೋ ಇಲ್ಲವೋ ಎಂಬುದು. ಬಿಳಿ ಬಟ್ಟೆಗೆ ಚೂರು ಕಾಂಪೌಂಡ್ ಹಾಕಿ ಕೈಯಲ್ಲೇ ಉಜ್ಜಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಸಿಂಗಲ್ ಸ್ಟೇಜ್, ಅಂದರೆ ಮೇಲೆ ಕ್ಲಿಯರ್ ಇಲ್ಲದ ಪೇಂಟು. ಬಣ್ಣ ಬರದಿದ್ದರೆ ಮೇಲೆ ಕ್ಲಿಯರ್ ಇದೆ. ಇದನ್ನು ಚೀಟಿಯಲ್ಲಿ ಬರೆದು ಗ್ಲಾಸಿಗೆ ಅಂಟಿಸಿಡಿ. ಕ್ಲಿಯರ್ ಇರುವ ಗಾಡಿಯಲ್ಲಿ ಕೆಲಸದ ನಡುವೆ ಪ್ಯಾಡಿಗೆ ಬಣ್ಣ ಕಂಡಿತೆಂದರೆ ಕ್ಲಿಯರ್ ತೂತಾಗಿದೆ ಎಂದರ್ಥ, ಅಲ್ಲಿಗೇ ಕೈ ನಿಲ್ಲಿಸಬೇಕು. ಸಿಂಗಲ್ ಸ್ಟೇಜಿನಲ್ಲಿ ಪ್ಯಾಡ್ ಕೆಂಪಾಗುವುದು, ನೀಲಿಯಾಗುವುದು ಸಹಜ.

ದಪ್ಪ ಅಳೆಯುವ ಮೀಟರ್ ಇಲ್ಲದೆ ಹಳೆಯ ಲಾರಿಗೆ ರೋಟರಿ (ಪ್ಯಾಡ್ ಒಂದೇ ಸಮನೆ ಗರಗರ ತಿರುಗುವ ಮಷಿನ್) ಹಚ್ಚುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಕಂಪನಿ ಪೇಂಟು ಪ್ರೈಮರ್ ಸೇರಿ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಇರುತ್ತದೆ, ಅದರಲ್ಲಿ ಕ್ಲಿಯರ್ 35ರಿಂದ 50. 200 ದಾಟಿದರೆ ಮರುಪೇಂಟ್, 500 ದಾಟಿದರೆ ಒಳಗೆ ಪುಟ್ಟಿ ಇದೆ. ಸಾವಿರ ಮೈಕ್ರಾನ್ ತೋರಿಸಿತೆಂದು ಹಿಗ್ಗಬೇಡಿ. ಅದರಲ್ಲಿ ಮೇಲಿನ ಪೇಂಟು ಎಷ್ಟು ಎಂದು ಮೀಟರ್ ಹೇಳುವುದಿಲ್ಲ. ಪ್ರತಿ ಪ್ಯಾನೆಲ್ಲಿನಲ್ಲಿ ಐದಾರು ಕಡೆ ಅಳೆಯಿರಿ. ಬಾಗಿಲ ಹಿಡಿಕೆಯ ಕೆಳಗೆ, ಮುಂದಿನ ಗ್ರಿಲ್ ಅಂಚಿನಲ್ಲಿ ಹಿಂದೆ ಯಾರೋ ಉಜ್ಜಿ ತೆಳುವಾಗಿಸಿರುವ ಸಾಧ್ಯತೆ ಹೆಚ್ಚು. 80ಕ್ಕಿಂತ ಕೆಳಗೆ ತೋರಿಸುವ ಜಾಗಕ್ಕೆ ಕಾಂಪೌಂಡ್ ಬೇಡ, ಕೈಪಾಲಿಶ್ ಸಾಕು. ಕ್ಲಿಯರ್ ಇರುವ ಗಾಡಿಯಲ್ಲಿ ಎಲ್ಲ ಹಂತ ಸೇರಿ 8ರಿಂದ 10 ಮೈಕ್ರಾನಿಗಿಂತ ಹೆಚ್ಚು ತೆಗೆಯಬಾರದು. ಬಿಸಿಲನ್ನು ತಡೆಯುವ ಅಂಶ ಆ ಪದರದಲ್ಲೇ ಇರುತ್ತದೆ. ಹೆಚ್ಚು ತೆಗೆದರೆ ಇವತ್ತು ಹೊಳೆದ ಗಾಡಿ ಒಂದೆರಡು ಬೇಸಿಗೆಯಲ್ಲೇ ಸಿಪ್ಪೆ ಏಳುತ್ತದೆ. ಬಂಪರ್ ಮತ್ತು ಮೇಲಿನ ಗಾಳಿತಡೆ ಪ್ಲಾಸ್ಟಿಕ್ ಅಥವಾ ಫೈಬರ್. ಅಲ್ಲಿ ಈ ಮೀಟರ್ ನಡೆಯುವುದಿಲ್ಲ, ಹಾಗಾಗಿ ಅಲ್ಲಿ ಎಚ್ಚರ ದುಪ್ಪಟ್ಟಿರಲಿ.

ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ಗೆ ಹೋಗುವುದಿಲ್ಲ. ಕ್ಲಿಯರ್ ಸಿಪ್ಪೆ ಎದ್ದಿದ್ದರೂ ಅಷ್ಟೇ. ಇದನ್ನು ಗಾಡಿ ಮಾಲೀಕರಿಗೆ ಮೊದಲೇ ತೋರಿಸಿ ಹೇಳಬೇಕು. "ಹೊಳಪು ಬಂದ್ರ ಸಾಕ್ರೀ" ಎಂದವರೇ ಗಾಡಿ ಹೊಳೆದ ಮೇಲೆ ಆ ಗೀರನ್ನೇ ನೋಡುತ್ತಾರೆ, ಏಕೆಂದರೆ ಸುತ್ತಲಿನದು ಸ್ವಚ್ಛವಾದಾಗ ಅದು ಇನ್ನಷ್ಟು ಎದ್ದು ಕಾಣುತ್ತದೆ.

ತೊಳೆಯುವುದು

ಒಣ ಧೂಳಿನ ಮೇಲೆ ಬಟ್ಟೆ ಆಡಿಸಬೇಡಿ. ಲಾರಿಯ ಮೈಮೇಲಿನ ಗೀರುಗಳಲ್ಲಿ ಬಹುಪಾಲು ದಿನಾ ಬೆಳಿಗ್ಗೆ ಕಾಟನ್ ವೇಸ್ಟಿನಲ್ಲಿ ಧೂಳು ಒರೆಸಿದ್ದರಿಂದಲೇ ಆದದ್ದು. ಪ್ರೆಶರ್ ನೀರಿನಲ್ಲಿ ಮೇಲಿಂದ ಕೆಳಗೆ ಧೂಳು ಇಳಿಸಿ, ಆಮೇಲೆ ಶಾಂಪೂ ನೊರೆ ಹಾಕಿ ಐದು ನಿಮಿಷ ಬಿಟ್ಟು ತೊಳೆಯಿರಿ. ಸೈಲೆನ್ಸರ್ ಬದಿಯ ಮಸಿಗೆ ಡಿಗ್ರೀಸರ್ ಬೇಕಾಗುತ್ತದೆ. ಡಾಂಬರಿನ ಚುಕ್ಕೆಗೆ ಚಿಮಣಿ ಎಣ್ಣೆ ಅದ್ದಿದ ಬಟ್ಟೆ ಒಂದು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಒರೆಸಿದ ಕೂಡಲೇ ಸಾಬೂನು ನೀರಿನಲ್ಲಿ ಜಿಡ್ಡು ತೆಗೆಯಿರಿ. ಕಾಕಂಬಿ ಬಿಸಿನೀರಿಗೇ ಕರಗುತ್ತದೆ, ಕೆರೆಯುವ ಅಗತ್ಯವಿಲ್ಲ.

ಸಿಮೆಂಟ್ ಗಾಡಿ ತೊಂದರೆ ಕೊಡುತ್ತದೆ. ಇಬ್ಬನಿ, ಮಳೆ ಬಿದ್ದು ಗಟ್ಟಿಯಾದ ಸಿಮೆಂಟ್ ಚುಕ್ಕೆಯನ್ನು ಬ್ಲೇಡಿನಲ್ಲಿ ಎಬ್ಬಿಸಿದರೆ ಪೇಂಟೂ ಜೊತೆಗೆ ಬರುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ನಿಂಬೆಉಪ್ಪು, ಅಂದರೆ ಕಿರಾಣಿ ಅಂಗಡಿಯ ಸಿಟ್ರಿಕ್ ಆ್ಯಸಿಡ್ ಪುಡಿ, ಕರಗಿಸಿ ಬಟ್ಟೆ ಅದ್ದಿ ಚುಕ್ಕೆಯ ಮೇಲೆ ಹಾಸಿ. ಸಣ್ಣಗೆ ಗುಳ್ಳೆ ಏಳುತ್ತದೆ. ಐದರಿಂದ ಹತ್ತು ನಿಮಿಷಕ್ಕೆ ಪುಡಿಯಾಗುತ್ತದೆ, ಆಗದಿದ್ದರೆ ಮತ್ತೊಮ್ಮೆ ಹಾಸಿ. ನೆರಳಲ್ಲೇ ಮಾಡಿ, ಬಟ್ಟೆ ಒಣಗಲು ಬಿಡಬೇಡಿ, ಕೊನೆಗೆ ಧಾರಾಳ ನೀರು ಹೊಯ್ಯಿರಿ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಹತ್ತಿರ ತರಬೇಡಿ. ಅದು ಕ್ರೋಮನ್ನೂ ಅಲ್ಯೂಮಿನಿಯಂ ಡೀಸೆಲ್ ಟ್ಯಾಂಕನ್ನೂ ತಿನ್ನುತ್ತದೆ. ಸವಳು ಬೋರ್‌ವೆಲ್ ನೀರಿನ ಬಿಳಿ ಕಲೆಗೂ ಇದೇ ನಿಂಬೆಉಪ್ಪಿನ ನೀರು ಆಗುತ್ತದೆ. ತೊಳೆದ ಮೇಲೆ ಮೈಯನ್ನು ಗಾಳಿಗೆ ಒಣಗಲು ಬಿಟ್ಟರೆ ಅದೇ ಕಲೆ ಮತ್ತೆ ಕೂರುತ್ತದೆ, ಬಟ್ಟೆಯಿಂದ ಒರೆಸಿಯೇ ಒಣಗಿಸಿ.

ತೊಳೆದು ಒಣಗಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಪೇಂಟಿನ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ತಿಳಿಯದ ಮರಳಿನಂಥ ಒರಟು ಈಗ ತಿಳಿಯುತ್ತದೆ. ಅದು ಕ್ಲೇ (ಕೊಳೆ ಎಳೆದುಕೊಳ್ಳುವ ಜಿಗಿ ಮಣ್ಣಿನಂಥ ಉಂಡೆ) ಹಾಕಿಯೇ ಹೋಗಬೇಕು. ಲಾರಿಯಷ್ಟು ದೊಡ್ಡ ಮೈಗೆ ಸಣ್ಣ ಕ್ಲೇ ಉಂಡೆಗಿಂತ ಕ್ಲೇ ಹಚ್ಚಿದ ಕೈಗವಸು ಬೇಗ ಸಾಗುತ್ತದೆ. ಶಾಂಪೂ ನೀರು ಹರಿಯುತ್ತಲೇ ಇರಲಿ. ಬೂದಿ ಗಾಡಿಗೆ ಈ ಹಂತ ಬಿಟ್ಟರೆ ಆ ಬೂದಿಯೊಳಗಿನ ಸಿಲಿಕಾ ಕಣಗಳೆಲ್ಲ ಪ್ಯಾಡಿಗೆ ಸೇರಿ ಹೊಸ ಗೀರು ಕೆತ್ತುತ್ತವೆ.

ಜಾಗ, ಹೊತ್ತು, ಕರೆಂಟು

ಏಪ್ರಿಲ್-ಮೇನಲ್ಲಿ ವಿಜಯಪುರದ ಬಿಸಿಲಿಗೆ ನಿಂತ ಕ್ಯಾಬಿನ್ನಿನ ತಗಡು ಕೈ ಇಡಲಾರದಷ್ಟು ಕಾದಿರುತ್ತದೆ. ಅದರ ಮೇಲೆ ಕಾಂಪೌಂಡ್ ಹಾಕಿದರೆ ಹರಳು ಕೆಲಸ ಶುರುಮಾಡುವ ಮೊದಲೇ ಎಣ್ಣೆ, ನೀರು ಆರಿ ಹೋಗುತ್ತದೆ. ಗಾಡಿಯನ್ನು ಹಿಂದಿನ ರಾತ್ರಿಯೇ ಶೆಡ್ಡಿಗೆ ತಂದು ನಿಲ್ಲಿಸಿ ಬೆಳಿಗ್ಗೆ 6ಕ್ಕೆ ಶುರುಮಾಡಿ. ಮಳೆಗಾಲದಲ್ಲಿ ಬೆಳಗಾವಿಯ ಕಥೆ ಉಲ್ಟಾ: ಕಾಂಪೌಂಡ್ ಬೇಗ ಒಣಗುವುದಿಲ್ಲ, ಅದು ಒಳ್ಳೆಯದೇ, ಆದರೆ ಕೊನೆಗೆ ಹಚ್ಚುವ ಸೀಲಂಟ್ (ಪೇಂಟನ್ನು ಕಾಯುವ ತೆಳು ಲೇಪ) ಹಿಡಿಯಲು ದುಪ್ಪಟ್ಟು ಹೊತ್ತು ಬೇಕಾಗಬಹುದು.

ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ, ಗಾಡಿಯ ಬ್ಯಾಟರಿ ಸ್ವಿಚ್ ಆರಿಸಿ. ಎತ್ತರದ ಭಾಗಕ್ಕೆ ಏಣಿ ಬೇಡ, ಅಗಲದ ಮೆಟ್ಟುಹಲಗೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಬೇಕು. ರೋಟರಿ ಅಂಚಿಗೆ ಸಿಕ್ಕಿ ಒದ್ದರೆ ಏಣಿಯ ಮೇಲಿನವನಿಗೆ ಹಿಡಿಯಲು ಕೈ ಇರುವುದಿಲ್ಲ. ಮಷಿನ್ ಎದೆಮಟ್ಟಕ್ಕೆ ಬರುವಂತೆ ಹಲಗೆ ಏರಿಸಿಕೊಳ್ಳಿ, ವೈರ್ ಹೆಗಲ ಮೇಲಿಂದ ಹಿಂದಕ್ಕಿರಲಿ. ಎಕ್ಸ್‌ಟೆನ್ಶನ್ ಬೋರ್ಡಿನ ವೈರನ್ನು ಪೂರ್ತಿ ಬಿಚ್ಚಿಡಿ. ಸುತ್ತಿಟ್ಟ ವೈರ್ ನಾಲ್ಕು ತಾಸಿನ ಕೆಲಸಕ್ಕೆ ಕಾಯುತ್ತದೆ. 1200 ವ್ಯಾಟಿನ ಮಷಿನ್ ಐದಾರು ಆಂಪಿಯರ್ ಎಳೆಯುತ್ತದೆ, 1.5 ಚದರ ಮಿ.ಮೀ.ಗಿಂತ ತೆಳು ವೈರ್ ಬಳಸಬೇಡಿ.

ವೈಪರ್ ಬಿಚ್ಚಿ, ಕನ್ನಡಿಯ ತೋಳು ಮಡಚಿ. ರೇಡಿಯಂ ಸ್ಟಿಕರ್, ಪ್ರತಿಫಲಕ ಟೇಪು, ರಬ್ಬರ್ ಬೀಡಿಂಗ್, ಒರಟು ಕಪ್ಪು ಪ್ಲಾಸ್ಟಿಕ್ ಎಲ್ಲಕ್ಕೂ ಮಾಸ್ಕಿಂಗ್ ಟೇಪು ಹಚ್ಚಬೇಕು. ಒರಟು ಪ್ಲಾಸ್ಟಿಕ್ಕಿನೊಳಗೆ ಇಳಿದ ಕಾಂಪೌಂಡ್ ಒಣಗಿ ಬೆಳ್ಳಗಾದರೆ ಬ್ರಶ್ ಹಿಡಿದು ದಿನ ಕಳೆಯಬೇಕಾಗುತ್ತದೆ. ಮುಂದೆ ಬರೆಸಿದ "ಶ್ರೀ ಯಲ್ಲಮ್ಮ ಪ್ರಸನ್ನ" ಥರದ ಅಕ್ಷರಗಳು ಕೈಯಲ್ಲಿ ಬರೆದ ಎನಾಮೆಲ್. ಒಂದೇ ಸಲ ವುಲ್ (ಉಣ್ಣೆ) ಪ್ಯಾಡ್ ಹೋದರೂ ಗೆರೆಯ ಚೂಪು ಅಳಿಯುತ್ತದೆ. ಅಕ್ಷರದ ಸುತ್ತ ಎರಡು ಬೆರಳು ಜಾಗ ಬಿಟ್ಟು ಮುಚ್ಚಿ, ಆ ಜಾಗವನ್ನು ಕೈಯಲ್ಲೇ ಮುಗಿಸಿ. ಬಾಡಿಯ ಗೆರೆಗಳ ಉಬ್ಬಿದ ಏಣುಗಳಿಗೂ ಟೇಪು ಹಚ್ಚಿ, ಪೇಂಟು ಅಲ್ಲಿ ತೆಳುವಾಗಿರುತ್ತದೆ ಮತ್ತು ಪ್ಯಾಡಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ.

ಮಷಿನ್, ಪ್ಯಾಡ್, ಟೆಸ್ಟ್

ದೊಡ್ಡ ಚಪ್ಪಟೆ ಮೈಗೆ 180 ಮಿ.ಮೀ. ರೋಟರಿಯೇ ಸರಿ. ಸ್ಪೀಡ್ 600 ಆರ್‌ಪಿಎಂನಿಂದ (ನಿಮಿಷಕ್ಕೆ ಅಷ್ಟು ಸುತ್ತು) ಶುರುವಾಗಬೇಕು, ಭಾರ ಬಿದ್ದಾಗ ಸ್ಪೀಡ್ ಇಳಿಯದಂತೆ ಹಿಡಿದಿಡುವ ಮಷಿನ್ ಇದ್ದರೆ ಒಳ್ಳೆಯದು. ವೆಲ್ಡಿಂಗ್ ಅಂಗಡಿಯ ಆ್ಯಂಗಲ್ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡುವುದುಂಟು. ಅದು 8000-11000 ಆರ್‌ಪಿಎಂ ತಿರುಗುವ ಮಷಿನ್, ಪೇಂಟು ಸುಡುವುದಂತೂ ಖಂಡಿತ, ಪ್ಯಾಡ್ ಹಾರಿ ಕಣ್ಣಿಗೂ ಬಡಿಯಬಹುದು. ರೋಟರಿಯ ಜೊತೆಗೆ ಕೊನೆಯ ಹಂತಕ್ಕೆ ಒಂದು ಡಿಎ ಮಷಿನ್ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಆಡುವಂಥದ್ದು), ರಿವೆಟ್ ಮತ್ತು ಮೂಲೆಗೆ 3 ಇಂಚಿನ ಸಣ್ಣ ಪ್ಯಾಡ್ ಇರಲಿ. ಒಂದು ಕ್ಯಾಬಿನ್ನಿಗೆ ನಾಲ್ಕು ವುಲ್ ಪ್ಯಾಡ್, ಮೂರು ಮಧ್ಯಮ ಫೋಮ್, ಎರಡು ಮೆತ್ತನೆಯ ಫೋಮ್ ಬೇಕು. ಪ್ಯಾಡಿನಲ್ಲಿ ಉಳಿತಾಯ ಮಾಡಿದವರ ಕೆಲಸ ಗಟ್ಟಿ ಪೇಂಟಿನ ಮೇಲೆ ಸಾಗುವುದಿಲ್ಲ.

ಬಾಗಿಲ ಮೇಲೆ 50 ಸೆಂ.ಮೀ. ಚೌಕ ಟೇಪಿನಲ್ಲಿ ಗುರುತಿಸಿ ಅಲ್ಲಿ ಮೊದಲು ಟೆಸ್ಟ್ ಮಾಡಿ. ಮೆತ್ತನೆಯದರಿಂದ ಶುರುಮಾಡಿ: ಫೋಮ್ ಮತ್ತು ಮಧ್ಯಮ ಪಾಲಿಶ್, ಸಾಲದಿದ್ದರೆ ಫೋಮ್ ಮತ್ತು ಕಾಂಪೌಂಡ್, ಆಮೇಲೆ ವುಲ್ ಮತ್ತು ಕಾಂಪೌಂಡ್. ಲಾರಿಯಲ್ಲಿ ಸಾಮಾನ್ಯವಾಗಿ ಮೂರನೆಯದಕ್ಕೇ ಬಂದು ನಿಲ್ಲುತ್ತೇವೆ, ಆದರೂ ಮೊದಲೆರಡನ್ನು ಬಿಡಬೇಡಿ. ಮರುಪೇಂಟಿಗೆ ಹಾರ್ಡ್ನರ್ ಕಡಿಮೆ ಹಾಕಿದ್ದರೆ ನೋಡಲು ಒಂದೇ ಥರದ ಎರಡು ಬಾಗಿಲಲ್ಲಿ ಒಂದು ಗಟ್ಟಿ, ಒಂದು ಮೆತ್ತಗೆ ಇರುತ್ತದೆ. ಪ್ರತಿ ಟೆಸ್ಟ್ ಆದಮೇಲೆ ಒಂದು ಭಾಗ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸ್ಪಿರಿಟ್, ಮೂರು ಭಾಗ ನೀರು ಬೆರೆಸಿ ಒರೆಸಿ. ಕಾಂಪೌಂಡಿನ ಎಣ್ಣೆ ಗೀರನ್ನು ತುಂಬಿ ಮುಚ್ಚಿರುತ್ತದೆ. ಒರೆಸದೆ ನೋಡಿದರೆ ಕೆಲಸ ಮುಗಿದಂತೆ ಕಾಣುತ್ತದೆ, ಎರಡು ಸಲ ತೊಳೆದ ಮೇಲೆ ಗೀರು ಎದ್ದು ಬಂದು ಗಾಡಿ ವಾಪಸ್ ಬರುತ್ತದೆ.

ಕಾಂಪೌಂಡ್ ಹಂತ

ಹೊಸ ವುಲ್ ಪ್ಯಾಡಿಗೆ ಮೊದಲು ಕೂದಲೆಲ್ಲ ತೇವವಾಗುವಷ್ಟು ಕಾಂಪೌಂಡ್ ಕೈಯಲ್ಲಿ ತಿಕ್ಕಿ. ಆಮೇಲೆ ಚೌಕಕ್ಕೆ 8 ಗ್ರಾಂ, ಅಂದರೆ ಅಗಲ ಚಮಚಕ್ಕೆ ಅರ್ಧ. ಮಷಿನ್ ಆರಿಸಿಯೇ ಪ್ಯಾಡನ್ನು ಪೇಂಟಿಗೆ ತಾಗಿಸಿ ಕಾಂಪೌಂಡ್ ಹರಡಿ, ಬಳಿಕ 700ರಲ್ಲಿ ಒಂದು ಸುತ್ತು, ಮುಂದೆ 1400-1500. ಪ್ಯಾಡ್ ಚಪ್ಪಟೆಯಾಗಿರಲಿ. ಮಷಿನ್ನಿನ ತೂಕದ ಜೊತೆ ಐದಾರು ಕಿಲೋ ಒತ್ತು ಸಾಕು. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಪ್ಯಾಡ್ ಒತ್ತಿ ನೋಡಿದರೆ ಆ ಭಾರ ಎಷ್ಟೆಂದು ಕೈಗೆ ತಿಳಿಯುತ್ತದೆ. 50 ಸೆಂ.ಮೀ. ದಾರಿಗೆ 10 ಸೆಕೆಂಡ್, ಪ್ರತಿ ಸಾಲು ಹಿಂದಿನದರ ಅರ್ಧವನ್ನು ಮುಚ್ಚಬೇಕು. ಅಡ್ಡಡ್ಡ ಎರಡು ಸಲ, ಉದ್ದುದ್ದ ಎರಡು ಸಲ, ಒಟ್ಟು ಮೂರು ನಿಮಿಷದ ಆಸುಪಾಸು.

ಪ್ಯಾಡಿನ ಹಿಂದೆ ಉಳಿಯುವ ಪದರವನ್ನೇ ನೋಡುತ್ತಿರಿ. ಮೊದಲ ಸಾಲಿನಲ್ಲಿ ಅದು ಹಾಲಿನಂತೆ ಬೆಳ್ಳಗೆ ದಪ್ಪಗಿರುತ್ತದೆ. ಮೂರನೆಯ ಸುತ್ತಿಗೆ ತೆಳುವಾಗಿ ಅದರಡಿ ಬಣ್ಣ ಕಾಣತೊಡಗುತ್ತದೆ, ಕೊನೆಗೆ ಉಸಿರು ಬಿಟ್ಟ ಗಾಜಿನ ಮಂಜಿನಷ್ಟು ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಮುಂದುವರಿಸಿದರೆ ಮಷಿನ್ನಿನ ದನಿ ಕೀರಲಾಗುತ್ತದೆ, ಪ್ಯಾಡ್ ಜಿಗಿಯುತ್ತದೆ, ಪುಡಿ ಹಾರುತ್ತದೆ. ಒಣಪುಡಿ ಬಂತೆಂದರೆ ಒಣ ಉಣ್ಣೆಯೇ ಪೇಂಟನ್ನು ಉಜ್ಜುತ್ತಿದೆ, ಶಾಖ ಹುಟ್ಟುವುದು ಆಗಲೇ. ಪ್ರತಿ ಚೌಕ ಆದಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, ಐದು ಸೆಕೆಂಡ್ ಇಡಲಾಗದಿದ್ದರೆ ಆ ಪ್ಯಾನೆಲ್ ಬಿಟ್ಟು ಇನ್ನೊಂದು ಬಾಗಿಲಿಗೆ ಹೋಗಿ. ಪ್ಲಾಸ್ಟಿಕ್, ಫೈಬರಿಗೆ 1000 ಆರ್‌ಪಿಎಂ ಮೀರಬೇಡಿ. ತಗಡಿನ ಹಾಗೆ ಅದು ಶಾಖವನ್ನು ಹರಡುವುದಿಲ್ಲ, ಎಲ್ಲ ಒಂದೇ ಕಡೆ ನಿಂತು ಪೇಂಟು ಗುಳ್ಳೆ ಏಳುತ್ತದೆ.

ಪ್ರತಿ ಎರಡು ಚೌಕಕ್ಕೊಮ್ಮೆ ಪ್ಯಾಡ್ ಸ್ವಚ್ಛ ಮಾಡಿ. ಇದನ್ನೇ ಎಲ್ಲರೂ ಬಿಡುವುದು. ಪೇಂಟಿನಿಂದ ಕೊರೆದು ಬಂದ ಪುಡಿ ಉಣ್ಣೆಯ ಬುಡದಲ್ಲಿ ಸೇರಿ ಗಟ್ಟಿ ಕಟ್ಟುತ್ತದೆ. ಆಮೇಲೆ ನೀವು ಹಾಕುವ ಕಾಂಪೌಂಡ್ ಆ ಪುಡಿಗೇ ಅಂಟಿ ಕೂರುತ್ತದೆ, ಪೇಂಟಿಗೆ ಹರಳು ತಾಗುವುದೇ ಇಲ್ಲ. "ಈ ಪೇಂಟು ಕಟ್ ಆಗ್ತಿಲ್ಲ" ಎಂಬ ದೂರು ಬಂದಾಗ ಪ್ಯಾಡ್ ತಿರುವಿ ನೋಡಿ, ಕೂದಲು ಜಡೆಗಟ್ಟಿರುತ್ತದೆ. ಸ್ಪರ್ (ಪ್ಯಾಡಿನ ಕೂದಲು ಬಿಡಿಸುವ ಹಲ್ಲುಚಕ್ರದ ಸಾಧನ) ಹಿಡಿದು ಕಡಿಮೆ ಸ್ಪೀಡಿನಲ್ಲಿ ಕೂದಲು ಬಿಡಿಸಿ, ಕಂಪ್ರೆಸರ್ ಗಾಳಿ ಊದಿ. ಗಾಡಿಯಿಂದ ದೂರ ನಿಂತು. ಐದಾರು ಚೌಕಕ್ಕೆ ಪ್ಯಾಡ್ ಬಿಸಿಯಾಗಿ ಒದ್ದೆಯಾಗಿರುತ್ತದೆ, ಬದಲಿಸಿ. ಕೆಳಗೆ ಬಿದ್ದ ಪ್ಯಾಡನ್ನು ಕೊಡವಿ ಮತ್ತೆ ಹಾಕಬೇಡಿ. ನಮ್ಮ ಶೆಡ್ಡುಗಳ ನೆಲದಲ್ಲಿ ವೆಲ್ಡಿಂಗ್ ಕಿಡಿಯ ಕಬ್ಬಿಣದ ಕಾಳು ಇದ್ದೇ ಇರುತ್ತದೆ, ಒಂದು ಕಾಳು ಸಾಕು ಬಾಗಿಲ ತುಂಬ ಸುರುಳಿ ಕೆತ್ತಲು.

ಅಂಚಿಗೆ ಬಂದಾಗ ಪ್ಯಾಡ್ ಒಳಗಿನಿಂದ ಹೊರಕ್ಕೆ ತಿರುಗುವ ಬದಿ ಅಂಚಿಗಿರಲಿ. ಅಂಚಿನತ್ತ ಬಂದು ಹೊಡೆಯುವಂತೆ ಹಿಡಿದರೆ ಎರಡೇ ಸೆಕೆಂಡಿಗೆ ಪ್ರೈಮರ್ ಕಾಣುತ್ತದೆ.

ಲೆಕ್ಕಕ್ಕೆ ಹೇಳುವುದಾದರೆ, ಕ್ಯಾಬಿನ್ನಿನ ಹೊರಮೈ 12 ಚದರ ಮೀಟರ್ ಎಂದಿಟ್ಟರೆ 48 ಚೌಕ. ಒರೆಸುವುದು, ಪ್ಯಾಡ್ ಸ್ವಚ್ಛ ಮಾಡುವುದು ಸೇರಿ ಒಂದಕ್ಕೆ 5 ನಿಮಿಷ, ಅಂದರೆ ನಾಲ್ಕು ತಾಸು, ಸುಮಾರು 400 ಗ್ರಾಂ ಕಾಂಪೌಂಡ್. ಒಂದೇ ದಿನದಲ್ಲಿ ಒಬ್ಬರೇ ಎಲ್ಲ ಹಂತ ಮುಗಿಸುತ್ತೇವೆ ಎಂದು ದರ ಒಪ್ಪಿಕೊಂಡರೆ ಯಾವುದೋ ಹಂತ ಕಳ್ಳತನವಾಗುತ್ತದೆ. ಇಬ್ಬರಿಗೆ ಒಂದೂವರೆ ದಿನ ಹಿಡಿಯಿರಿ.

ವಾಟರ್ ಪೇಪರ್ ಯಾವಾಗ

ಜಾಲಿ ಮುಳ್ಳಿನ ಉದ್ದನೆಯ ಗೀರು, ಮರುಪೇಂಟಿನ ಕಿತ್ತಳೆ ಸಿಪ್ಪೆಯಂಥ ಮೈ, ಇವಕ್ಕೆ ಕಾಂಪೌಂಡ್ ಮೇಲೆ ಕಾಂಪೌಂಡ್ ಹಾಕುವುದಕ್ಕಿಂತ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಚ್ಚುವುದೇ ಜಾಣತನ. ಪೇಪರ್ ಹರಳು ಗೀರಿನ ತಲೆಯನ್ನಷ್ಟೇ ಸಮ ಮಾಡುತ್ತದೆ, ಶಾಖ ಹುಟ್ಟುವುದಿಲ್ಲ. ಮೀಟರಿನಲ್ಲಿ ಕನಿಷ್ಠ 120 ಇದ್ದರೆ ಮಾತ್ರ. ಪಿ2000 ಪೇಪರನ್ನು ಅರ್ಧ ತಾಸು ನೀರಿನಲ್ಲಿ ನೆನೆಸಿ, ರಬ್ಬರ್ ಬ್ಲಾಕಿಗೆ ಸುತ್ತಿ, ಎರಡು ಹನಿ ಶಾಂಪೂ ಹಾಕಿದ ನೀರು ಚಿಮುಕಿಸುತ್ತ ಒಂದೇ ದಿಕ್ಕಿಗೆ ಎಳೆಯಿರಿ. ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳಿನಷ್ಟೇ ಅಗಲದ ಹಳ್ಳ ಬೀಳುತ್ತದೆ. ಹತ್ತು ಎಳೆತಕ್ಕೊಮ್ಮೆ ಒರೆಸಿ ನೋಡಿ. ಬಳಿಕ ಪಿ3000 ಅಡ್ಡ ದಿಕ್ಕಿಗೆ. 2000ದ ಗೆರೆ ಒಂದೂ ಉಳಿಯದಂತೆ 3000 ಆಡಿಸಬೇಕು. ಗಟ್ಟಿ ಪೇಂಟಿನಲ್ಲಿ ಉಳಿದ ಪೇಪರ್ ಗೆರೆಯನ್ನು ತೆಗೆಯಲು ವುಲ್ ಪ್ಯಾಡಿಗೂ ಬೆವರಿಳಿಯುತ್ತದೆ.

ಒಣ ಉಜ್ಜುವಿಕೆ ಬೇಡ. 2016ರ ನಿಯಮ ಮನೆ ಬಳಕೆಯ ಪೇಂಟಿನಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷದಲ್ಲಿ 90 ಪಾಲು) ಮಿತಿಗೊಳಿಸಿತು. ಗಾಡಿಗಳ ಪೇಂಟು ಅದರಡಿ ಬರುವುದಿಲ್ಲ. ಹಳೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸದ ಬಣ್ಣದ ಪುಡಿ ಇರಬಹುದು. ಒದ್ದೆಯಾಗಿಯೇ ಉಜ್ಜಿ, ಎನ್95 ಮಾಸ್ಕ್ ಹಾಕಿ, ಕೈ ತೊಳೆಯದೆ ಊಟಕ್ಕೆ, ಎಲೆ-ಅಡಿಕೆಗೆ ಕೈ ಹಾಕಬೇಡಿ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಮಬ್ಬು ತೆಗೆದು ಮುಗಿಸುವುದು

ವುಲ್ ಪ್ಯಾಡ್ ಆದಮೇಲೆ ಬಿಸಿಲಿಗೆ ನೋಡಿದರೆ ಪ್ಯಾಡಿನ ದಾರಿಯಲ್ಲೇ ನೆರಳು ನೆರಳಾದ ಸುರುಳಿ ಕಾಣುತ್ತದೆ, ಕಪ್ಪು ಮತ್ತು ಕಡುನೀಲಿ ಗಾಡಿಯಲ್ಲಿ ಜಾಸ್ತಿ. ಇಲ್ಲಿ ನೇರವಾಗಿ ಅತಿ ನಯದ ಪಾಲಿಶ್‌ಗೆ ಹಾರುವುದು ತಪ್ಪು. ಗಟ್ಟಿ ಪೇಂಟಿನಲ್ಲಿ ಆ ಮಬ್ಬೂ ಗಟ್ಟಿಯೇ, ನಯದ ಪಾಲಿಶ್ ಅದನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಮಧ್ಯಮ ಫೋಮ್, ಮಧ್ಯಮ ಪಾಲಿಶ್, 1100ರಿಂದ 1200 ಆರ್‌ಪಿಎಂ. ಕೊನೆಯ ಒಂದು ಸುತ್ತಿನಲ್ಲಿ ಒತ್ತು ಬಿಟ್ಟು ಮಷಿನ್ ತೂಕವಷ್ಟೇ ಇರಲಿ. ತಿಳಿ ಬಣ್ಣದ ಗಾಡಿಗೆ ಇಷ್ಟೇ ಸಾಕು. ಕಡು ಬಣ್ಣಕ್ಕೆ ಇದರ ಮೇಲೆ ಡಿಎ ಮಷಿನ್, ಮೆತ್ತನೆಯ ಫೋಮ್ ಒಂದು ಸಲ. ಮತ್ತೆ ಐಪಿಎ ನೀರಲ್ಲಿ ಒರೆಸಿ, ಗಾಡಿಯನ್ನು ಬಿಸಿಲಿಗೆ ತಂದು ಪಕ್ಕದಿಂದ ನೋಡಿ. ಟ್ಯೂಬ್‌ಲೈಟಿನ ಬೆಳಕಿಗೆ ಎಲ್ಲ ಗಾಡಿಯೂ ಚಂದ ಕಾಣುತ್ತದೆ.

ಮೇಣದ ವ್ಯಾಕ್ಸ್ ನಮ್ಮ ಬೇಸಿಗೆಗೆ ಒಂದೆರಡು ತಿಂಗಳೂ ನಿಲ್ಲುವುದಿಲ್ಲ. ಸಿಂಥೆಟಿಕ್ ಸೀಲಂಟ್ ಹಾಕಿ, ಅದೂ ತೆಳ್ಳಗೆ. ದಪ್ಪ ಹಾಕಿದ್ದೆಲ್ಲ ಒರೆಸುವಾಗ ಬಟ್ಟೆಗೇ ಹೋಗುತ್ತದೆ. 12ರಿಂದ 24 ತಾಸು ನೀರು ತಾಗಬಾರದು. ಹೊಸದಾಗಿ ಪೇಂಟ್ ಆದ ಗಾಡಿಗೆ ಮಾತ್ರ ತಿಂಗಳು ಕಳೆಯುವವರೆಗೆ ಸೀಲಂಟ್ ಬೇಡ, ಒಳಗಿನ ಥಿನ್ನರ್ ಆರಿ ಹೋಗಬೇಕು. ಸಿಮೆಂಟ್, ಬೂದಿ ಗಾಡಿಗಳಿಗೆ ಸೀಲಂಟ್ ಹೊಳಪಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ: ಪುಡಿ ಪೇಂಟಿಗೆ ಬೇಗ ಕಚ್ಚುವುದಿಲ್ಲ, ಪ್ರೆಶರ್ ನೀರಿಗೆ ಸುಲಭವಾಗಿ ಇಳಿಯುತ್ತದೆ.

ಗಾಡಿ ಕೊಡುವಾಗ ಕ್ಲೀನರ್ ಹುಡುಗನ ಕೈಗೆ ಒಂದು ಮೈಕ್ರೋಫೈಬರ್ ಬಟ್ಟೆ ಮತ್ತು ಶಾಂಪೂ ಬಾಟಲಿ ಕೊಟ್ಟು ಕಾಟನ್ ವೇಸ್ಟ್ ಇಸಿದುಕೊಳ್ಳಿ. ಬಟ್ಟೆ ಸೋಪಿನ ಪುಡಿ, ಸೋಡಾ ನೀರು ಹಾಕಿ ತೊಳೆದರೆ ಸೀಲಂಟ್ ಬಹಳ ಬೇಗ ಹೋಗುತ್ತದೆ ಎಂದು ಅವನಿಗೇ ಹೇಳಿ, ಮಾಲೀಕರಿಗಿಂತ ಅವನಿಗೆ ಹೇಳಿದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕ್ಯಾಬಿನ್ನಿನ ಮುಂಭಾಗದ ಮೇಲೆ ನೀರು ಚಿಮುಕಿಸಿದಾಗ ಹನಿ ಹನಿಯಾಗಿ ಜಾರದೆ ಹಾಳೆಯಂತೆ ಅಂಟಿ ನಿಂತರೆ ಮತ್ತೊಂದು ಕೈ ಸೀಲಂಟ್ ಹಚ್ಚುವ ಹೊತ್ತಾಯಿತು ಎಂದು ತಿಳಿಯಬೇಕು. ಖಂಡೆ ಪೂಜೆಗೆ ಗಾಡಿ ಹೊಳೆಯಬೇಕೆಂದು ಬರುವವರನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಬರಹೇಳಿ, ಸೀಲಂಟ್ ಅಷ್ಟರಲ್ಲಿ ಪೂರ್ತಿ ಹಿಡಿದಿರುತ್ತದೆ. ಪೂಜೆಯ ಅರಿಶಿನ, ಎಣ್ಣೆ ಬೆರೆತ ಕುಂಕುಮ, ನಿಂಬೆರಸವನ್ನು ಮರುದಿನ ಬೆಳಿಗ್ಗೆಯೇ ಶಾಂಪೂ ನೀರಿನಲ್ಲಿ ತೊಳೆಯಲಿ. ಅರಿಶಿನದ ಕಲೆ ಉಳಿದರೂ ಬಿಸಿಲಿಗೆ ತಾನೇ ಮಾಸುತ್ತದೆ. ಬಿಳಿ ಕ್ಯಾಬಿನ್ನಿನ ಮೇಲೆ ವಾರಗಟ್ಟಲೆ ಬಿಟ್ಟ ಕುಂಕುಮಕ್ಕೆ ಮತ್ತೆ ಫೋಮ್ ಪ್ಯಾಡೇ ಹಿಡಿಯಬೇಕಾಗಬಹುದು.